ಮೂರು ಖಣ ಆದ್ರ

ಆತ ತನ್ನ ಆಯುಷ್ಯದಲ್ಲಿ ಒಂದು ಸುಳ್ಳು ಹೇಳಿದವನಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಸುಳ್ಳು ಹೇಳುವ ಗುತ್ತೇದಾರನ ಸಂಗಡ ಜಗಳಾಡಬಹುದು, ನಾಲ್ಕು ಮಂದಿಯನ್ನು ಕೂಡಿಸಿ ನ್ಯಾಯ ಮಾಡಿಸಬಹುದು, ಕಡೆಗೆ ಕಚೇರಿಯ ಕಟ್ಟೆಯನ್ನಾದರೂ ಹತ್ತಬಹುದು. ಖರೇ ಹೇಳುವವನನ್ನು ಏನು ಮಾಡುತ್ತೀರಿ?

ಹೋದ ವಾರ ಯಾದಗಿರಿ ಸ್ಟೇಷನ್ನಿನಲ್ಲಿ ಸುರಪುರದ ಕಡೆಯವರೊಬ್ಬರು ಸಿಕ್ಕರು. "ನಿಮ್ಮ ಗುತ್ತೇದಾರ ಹೋಗಿಬಿಟ್ಟನಂತ್ರಿ ಮಾಸ್ತರ್ರ" ಅಂದರು. ನಿಮ್ಮ ಗುತ್ತೇದಾರ! ಮೂರು ಊರಿಗೆ ಮನೆ ಕಟ್ಟಿಕೊಟ್ಟವನು ಸತ್ತ ಮೇಲೆ ನನ್ನೊಬ್ಬನ ಪಾಲಿಗೆ ಬಂದದ್ದು ಹೇಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸತ್ತವರ ಮ್ಯಾಲ ಮಾತು ಬ್ಯಾಡ ಅನ್ನುತ್ತಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಮೊಮ್ಮಕ್ಕಳಿದ್ದಾರೆ, ಓದು ಬಲ್ಲವರು. ಅಜ್ಜನ ರಕ್ತವೇ ಹರಿಯುತ್ತಿದ್ದರೆ, ಇಲ್ಲಿಯ ಒಂದೊಂದು ಮಾತಿಗೂ ಸಾಕ್ಷಿ ಕೇಳಿಕೊಂಡು ಮನೆಗೆ ಬಂದಾರು.

ಆಳು ಗಿಡ್ಡ, ಮೈ ಬಿಗಿ. ತಲೆಯ ಮೇಲೆ ಒಂದು ಕಾಲಕ್ಕೆ ಕೆಂಪಾಗಿದ್ದ ರುಮಾಲು. ಅದರ ಮಡಿಕೆಯಲ್ಲಿ ದಾರ ಸುತ್ತಿದ ಸೀಸದ ಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವ ಗುಂಡು ಅದು. ಉಳಿದ ಗೌಂಡಿಗಳು ಕೆಲಸ ಮುಗಿದರೆ ಅದನ್ನು ಚೀಲಕ್ಕೆ ಹಾಕುತ್ತಾರೆ. ಈತ ಮದುವೆಗೆ ಬಂದರೂ ತಲೆಯ ಮೇಲೆ ಹೊತ್ತುಕೊಂಡೇ ಬರುತ್ತಿದ್ದ. ಒಮ್ಮೆ ನಮ್ಮ ಮನೆಗೆ ಚಹಾಕ್ಕೆ ಕರೆದೆ. ಬಟ್ಟಲು ಕೈಗೆ ಬರುವುದರೊಳಗೆ ಗುಂಡು ಇಳಿಬಿಟ್ಟು ನಮ್ಮ ಪಡಸಾಲೆಯ ಗೋಡೆ ನೋಡಿಬಿಟ್ಟ.

"ನಾಕು ಬೆರಳು ವಾಲ್ಯಾದ್ರಿ."

"ಬೀಳ್ತದೇನು?" ಎಂದೆ, ಗಾಬರಿಯಾಗಿ.

"ಬೀಳಾಂಗಿಲ್ರಿ. ವಾಲ್ಯಾದ, ಅಷ್ಟ."

ಇಪ್ಪತ್ತು ವರ್ಷ ಆ ಗೋಡೆಗೆ ಒರಗಿ ಕೂತವನು ನಾನು. ಆ ದಿನದಿಂದ ಒರಗುವುದನ್ನು ಬಿಟ್ಟೆ. ಗೋಡೆ ಇನ್ನೂ ನಿಂತಿದೆ. ನನ್ನ ಬೆನ್ನೇ ಬಾಗಿದೆ.

ಅಕ್ಷರದ ಗಂಧವಿರಲಿಲ್ಲ ಆತನಿಗೆ. ಇದನ್ನು ಕೊರತೆ ಎಂದು ತಿಳಿದವನೂ ಅಲ್ಲ. ಕರಾರು, ಕಾಗದ, ಸ್ಟಾಂಪು ಎಂದರೆ ಮುಖ ಕಿವುಚುತ್ತಿದ್ದ. "ಬಾಯಿಮಾತು ಅಂದ್ರ ಸುಣ್ಣ ಇದ್ದಾಂಗ್ರಿ. ಹಸಿ ಇರ್ತನ ಮೆತ್ತಗ. ಒಣಗಿತಂದ್ರ ಕಲ್ಲು" ಎಂಬುದು ಆತನ ಧರ್ಮಶಾಸ್ತ್ರದ ಏಕಮಾತ್ರ ಸೂತ್ರ. ಅದನ್ನು ಕೇಳಿ ನಾನು ತಲೆದೂಗಿದ್ದೆ. ಎಂಥ ಚೆಲುವಾದ ಉಪಮೆ ಎಂದು ಮಕ್ಕಳಿಗೂ ಹೇಳಿದ್ದೆ. ಉಪಮೆಯೊಳಗೆ ಕಾಲಿಟ್ಟು ನಿಂತಿದ್ದೇನೆ, ಅದು ಒಣಗುತ್ತಿದೆ ಎಂಬುದು ಹೊಳೆಯಲಿಲ್ಲ.

ನಡೆದದ್ದು ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ. ಶಹಾಪುರದಲ್ಲಿ ನಾನು ಒಂದು ಖಾಸಗಿ ಕನ್ನಡ ಸಾಲಿ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಎಂದರೆ ಗುಡಿಯ ಪಡಸಾಲೆಯಲ್ಲಿ ನಲವತ್ತೆರಡು ಮಕ್ಕಳನ್ನು ಕೂಡಿಸಿ, ಗಂಟೆ ಬಾರಿಸಿದಾಗಲೆಲ್ಲ ಭಕ್ತರಿಗೆ ದಾರಿ ಬಿಡಿಸಿ, ನಡುನಡುವೆ ಕಾಗುಣಿತ ಹೇಳುತ್ತಿದ್ದೆ. ಸಾಲಿಗಳನ್ನು ನೋಡಿಕೊಳ್ಳುವ ತಾಲೀಮು ಇಲಾಖೆಯ ಸಾಹೇಬರು ದೌರಾಕ್ಕೆ, ಎಂದರೆ ತಪಾಸಣೆಯ ತಿರುಗಾಟಕ್ಕೆ, ಬಂದು ನೋಡಿ, ಇದು ಸಾಲಿಯೋ ಸಂತೆಯೋ ಎಂದರು. ಬರುವ ದೌರಾದೊಳಗೆ ಸ್ವಂತದ ಖೋಲಿ, ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಬೀಗ ಇದ್ದರೆ ಇಜಾಜತ್ತು, ಎಂದರೆ ಪರವಾನಗಿ. ಇಲ್ಲದಿದ್ದರೆ ಬಂದ್. ಇಷ್ಟು ಹೇಳಿ ಟಾಂಗಾ ಹತ್ತಿದರು.

ಹೀಗಾಗಿ ನಾನು ಸುರಪುರದಿಂದ ಈ ಮಹಾನುಭಾವನನ್ನು ಕರೆಸಿದೆ. ಬಂದ. ಜಾಗ ನೋಡಿದ. ನಾನೇ ನಾಲ್ಕು ಮೂಲೆಗೆ ಗೂಟ ಬಡಿದು ತೋರಿಸಿದೆ.

"ಎಷ್ಟಾದೀತ್ರಿ ಯಜಮಾನ್ರ?"

"ಖಣಕ್ಕ ಅರವತ್ತ್ರಿ. ಕಟ್ಟಿಗಿ ನಿಮ್ಮದು, ಕಲ್ಲು ಮಣ್ಣು ಕೂಲಿ ನಂದು."

ಇಲ್ಲಿ ಖಣ ಎಂದರೇನೆಂದು ಹೇಳಬೇಕು. ನಮ್ಮ ಕಡೆ ಮಾಳಿಗೆಗೆ ಗೋಡೆಯಿಂದ ಗೋಡೆಗೆ ದಪ್ಪ ತೊಲೆಗಳನ್ನು ಹಾಕಿ, ತೊಲೆಯಿಂದ ತೊಲೆಗೆ ಸಣ್ಣ ಜಂತಿಗಳನ್ನು ಮಲಗಿಸಿ, ಮೇಲೆ ಮಣ್ಣು ಮೆತ್ತುತ್ತಾರೆ. ಎರಡು ತೊಲೆಗಳ ನಡುವಿನ ಜಾಗಕ್ಕೆ ಖಣ ಎಂದು ಹೆಸರು. ಎಷ್ಟು ಖಣದ ಮನಿ ಎಂದು ಕೇಳಿಯೇ ಹೆಣ್ಣು ಕೊಡುವ ಸೀಮೆ ನಮ್ಮದು.

"ಮೂರು ಖಣ ಆಗ್ತದಲ್ಲ ಇದು?" ಎಂದೆ.

"ಮೂರು ಖಣ ಆದ್ರ ನೂರಾ ಎಂಬತ್ತ್ರಿ."

ನಾನು ವ್ಯಾಕರಣದ ಮಾಸ್ತರ. ಪಕ್ಷಾರ್ಥ, ನಿಶ್ಚಯಾರ್ಥ ಎಂದು ಮಕ್ಕಳ ಕೈಗೆ ಛಡಿಯಿಂದ ಕಲಿಸಿದವನು. ಆ ವಾಕ್ಯದ ನಡುವೆ 'ಆದ್ರ' ಎಂಬ ಎರಡಕ್ಷರ ಕೂತಿದ್ದವು. ಅವು ನನ್ನ ಕಿವಿಗೆ ಬೀಳಲಿಲ್ಲ. ನೂರಾ ಎಂಬತ್ತು ಬಿತ್ತು. ಅದನ್ನೇ ಹೊತ್ತುಕೊಂಡು ಇಡೀ ಪೇಟೆ ತಿರುಗಿದೆ. ಹತ್ತಿ ವ್ಯಾಪಾರಿಗಳು, ಕಾಳಿನ ಅಡತಿಯವರು, ಪಾತ್ರೆ ಅಂಗಡಿಯವರು ಎಲ್ಲರ ಮುಂದೆಯೂ "ನೂರಾ ಎಂಬತ್ತರಾಗ ಖೋಲಿ ಮುಗೀತದ, ನನ್ನ ಮಾತು" ಎಂದೆ. ನನ್ನ ಮಾತಿನ ಮೇಲೆ ನೂರಾ ಎಂಬತ್ತು ಹಾಲಿ ರೂಪಾಯಿ, ನಿಜಾಮರ ಸಿಕ್ಕಾ, ಕೂಡಿತು. ಮೇಲೆ ಹತ್ತಿಯ ಸಾವ್ಕಾರರೊಬ್ಬರು ಕಟ್ಟಿಗೆಯನ್ನೂ ಧರ್ಮಕ್ಕೆ ಕೊಟ್ಟರು. ಕಕ್ಕೇರಾದಲ್ಲಿ ಅವರ ಹಿರಿಯರ ಹಳೇ ಮನೆ ಕೆಡವಿದ್ದರು. ಅಲ್ಲಿಯ ತೊಲೆ, ಜಂತಿ, ಕಂಬ ಎಲ್ಲ ಒಯ್ಯಿರಿ ಎಂದರು. ನಾನು ಕಣ್ಣಲ್ಲಿ ನೀರು ತಂದುಕೊಂಡು ಕೈಮುಗಿದೆ. ದಾನದ ಆಕಳ ಹಲ್ಲು ಎಣಿಸಬಾರದು ಎಂಬುದು ಸರಿ. ದಾನದ ಜಂತಿಯ ಉದ್ದವನ್ನಾದರೂ ಅಳೆಯಬೇಕಿತ್ತು.

ಖೋಲಿ ಮೇಲೆದ್ದಿತು. ಚೆನ್ನಾಗಿಯೇ ಎದ್ದಿತು, ಅದಕ್ಕೆ ನಾನು ಕಲ್ಲು ಹಾಕುವುದಿಲ್ಲ. ನೂರಾ ಎಂಬತ್ತನ್ನು ಮೂರು ಕಂತಿನಲ್ಲಿ ಕೊಟ್ಟು ಮುಗಿಸಿದ್ದೆ. ಬಾಗಿಲು ಕೂಡಿಸುವುದೊಂದು ಉಳಿದಿತ್ತು. ಬಾಗಿಲ ಪಡಕುಗಳು, ಎಂದರೆ ಕದಗಳು, ಗೋಡೆಗೆ ಒರಗಿ ನಿಂತಿದ್ದವು. ಅವತ್ತು ಮುಂಜಾನೆ ಗುತ್ತೇದಾರ ಬಂದು, "ಲೆಕ್ಕ ಮುಗಸೂಣ್ರಿ" ಎಂದ.

"ಲೆಕ್ಕ ಮುಗದದಲ್ಲ? ಇನ್ನೇನು ಬಿಲ್ಲು?"

"ಬರ್ರಿ ಒಳಗ."

ಬಿಲ್ಲು ಎಂದರೆ ಕಾಗದವೆಂದು ತಿಳಿದವನು ನಾನು. ಆತ ನನ್ನನ್ನು ಖೋಲಿಯ ನಡುವೆ ನಿಲ್ಲಿಸಿ, ಬೆರಳನ್ನು ಮಾಳಿಗೆಯ ಕಡೆಗೆ ಎತ್ತಿದ. "ಎಣಸ್ರಿ" ಎಂದ. ಬಾಯಿ ಅಂದಾಜಿಗೆ ಬಾಯಿ ಬಿಲ್ಲು! ನಾನು ಮೊದಲನೆಯ ಇಯತ್ತೆಯ ಹುಡುಗನಂತೆ ಕುತ್ತಿಗೆ ಎತ್ತಿ ಎಣಿಸಿದೆ. ಒಂದು, ಎರಡು, ಮೂರು. ಮೂರಕ್ಕೆ ನಿಲ್ಲಬೇಕಾದ ಗೋಡೆ ಇನ್ನೂ ದೂರವಿತ್ತು. ನಾಲ್ಕು. ಐದು.

"ಐದ್ ಖಣ. ಖಣಕ್ಕ ಅರವತ್ತು. ಮುನ್ನೂರ್ರಿ. ನೂರಾ ಎಂಬತ್ತು ಬಂದದ. ನೂರಾ ಇಪ್ಪತ್ತು ಬರಬೇಕು."

ನನಗೆ ಒಂದು ಕ್ಷಣ ಮಾಳಿಗೆಯೇ ತಲೆಯ ಮೇಲೆ ಕೂತಂತಾಯಿತು.

"ಯಜಮಾನ್ರ, ಖೋಲಿ ಬೆಳದದೇನು?"

"ಇಲ್ರಿ."

"ಗ್ವಾಡಿ ಸರದಾವೇನು?"

"ಎಲ್ಲಿ ಸರೀತಾವ್ರಿ. ನೀವ ಗೂಟ ಬಡದ ಜಾಗಾ."

"ಮತ್ತ ಮೂರು ಹೋಗಿ ಐದು ಹ್ಯಾಂಗಾತು?"

"ಜಂತಿ ಗಿಡ್ಡ ಇದ್ದುವಲ್ರಿ. ಗಿಡ್ಡ ಜಂತಿಗಿ ತೊಲಿ ಹತ್ತಿರ ಹತ್ತಿರ ಹಾಕಬೇಕು. ಎರಡು ತೊಲಿ ಹೆಚ್ಚಾದುವು, ಎರಡು ಖಣ ಹೆಚ್ಚಾದುವು. ನಾ ಹೇಳಿದ್ದೆ."

"ಯಾವಾಗ ಹೇಳಿದ್ರಿ?"

"ಬಂಡಿ ಇಳಸೂ ಮುಂದ. ನೀವು ಬೇವಿನ ಗಿಡದ ಕೆಳಗ ಉತ್ತರಕ್ಕ ಮಾರಿ ಮಾಡಿ ನಿಂತಿದ್ರಿ. ಮಾಸ್ತರ್ರ, ಜಂತಿ ಗಿಡ್ಡ ಅದಾವ, ಖಣ ಸಣ್ಣ ಆಗ್ತಾವ, ನಡೀತದೇನು ಅಂದೆ. ನಡೀತದ ಅಂದ್ರಿ."

ಅಂದಿದ್ದೆ. ಉತ್ತರಕ್ಕೆ ಮುಖ ಮಾಡಿದ್ದೂ ಇರಬೇಕು. ಖಣ ಸಣ್ಣ ಆಗುತ್ತವೆ ಎಂದರೆ ಖರ್ಚೂ ಸಣ್ಣದಾಗುತ್ತದೆಂದು ಒಳಗೊಳಗೇ ಹಿಗ್ಗಿದ್ದೆ ಕೂಡ. ಈಗ ಸಿಕ್ಕ ಹುಲ್ಲುಕಡ್ಡಿ ಹಿಡಿದೆ.

"ಸಣ್ಣ ಖಣಕ್ಕ ಸಣ್ಣ ರೊಕ್ಕ ಆಗಬೇಕಲ್ಲ?"

ಆತ ನನ್ನನ್ನು ಬಹಳ ಮರುಕದಿಂದ ನೋಡಿದ. "ಸಣ್ಣ ಹುಡುಗ ಬಂದ್ರ ನೀವು ಅರ್ಧ ಹಾಜರಿ ಹಾಕ್ತೀರೇನ್ರಿ ಮಾಸ್ತರ್ರ?"

ಈ ಮಾತಿಗೆ ಉತ್ತರವನ್ನು ಹುಡುಕುತ್ತಲೇ ನನ್ನ ಯೌವನ ಕಳೆಯಿತು.

ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದೆ. ನನ್ನ ಪಕ್ಷ ಹಿಡಿದು ನಾಲ್ಕು ಬೈಗುಳವಾದರೂ ಬೈದಾಳು ಎಂದು ನನ್ನ ಆಸೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು:

"ಅಂವ ಹೇಳಿದ್ರಾಗ ಸುಳ್ಳು ಯಾವುದ್ರಿ?"

"ಸುಳ್ಳು ಅಂತ ನಾ ಎಲ್ಲಿ ಅಂದೆ?"

"ಮತ್ತ್ಯಾಕ ಒದರಾಕತ್ತೀರಿ?"

ಆಕೆಗೂ ಆತನಿಗೂ ಮುಂದೆಯೂ ಬಹಳ ಚೆನ್ನಾಗಿ ಹೊಂದಿತು. ಕೆಲವು ವರ್ಷದ ನಂತರ ನನಗೆ ಹೇಳದೆ ಆತನನ್ನೇ ಕರೆಸಿ ಒಲೆಕಟ್ಟೆ ಕಟ್ಟಿಸಿಕೊಂಡಳು. ಮೂರು ರೂಪಾಯಿ ಎಂದು ಮಾತಾಗಿತ್ತು. ಕಟ್ಟಿ ಹೋಗಿ ಹದಿನೈದು ದಿನದ ಮೇಲೆ ಸುಡುಸುಡು ಮಧ್ಯಾಹ್ನ ಸುರಪುರದಿಂದ ನಡೆದು ಬಂದು ನನ್ನ ನಿದ್ದೆ ಕೆಡಿಸಿದ. ಒಂದು ಫರಸಿ ಕಲ್ಲು ಕಡಿಮೆ ಹತ್ತಿತ್ತಂತೆ, ಎಂಟಾಣೆ ಹಿಂದಕ್ಕೆ ಕೊಡಬೇಕಂತೆ. ನಾನು ಬೇಡವೆಂದೆ. "ಬ್ಯಾಡ ಅನ್ನಾಕ ಅದು ನಿಮ್ಮ ರೊಕ್ಕ ಐತೇನ್ರಿ? ಅಕ್ಕಾರ್ದು" ಎಂದು ಆಕೆಯ ಕೈಗೆ ಹಾಕಿದ. ಆಕೆ ಆತನಿಗೆ ಊಟಕ್ಕೆ ಹಾಕಿದಳು. ಎಂಟು ರೊಟ್ಟಿ ತಿಂದ. ಪ್ರಾಮಾಣಿಕತೆಯಿಂದ ಮನೆಗೆ ಎಷ್ಟು ಉಳಿತಾಯವಾಯಿತೆಂದು ನೀವೇ ನೋಡಿರಿ.

ಇರಲಿ. ನೂರಾ ಇಪ್ಪತ್ತರ ಮಾತು ಪೇಟೆಗೆ ಮುಟ್ಟಿತು. ನಾನು ಎರಡನೆಯ ಸಲ ಕೈಯೊಡ್ಡಬೇಕಾಯಿತು. ಮೊದಲ ಸಲ ಒಡ್ಡಿದ ಕೈಯನ್ನು ಜನ ಮುಖ ನೋಡಿ ತುಂಬುತ್ತಾರೆ. ಎರಡನೆಯ ಸಲ ಬೆರಳುಗಳನ್ನೇ ನೋಡುತ್ತಾರೆ, ಏನಾದರೂ ಅಂಟಿದೆಯೇ ಎಂದು. ಹತ್ತಿಯ ಸಾವ್ಕಾರರು ತಮ್ಮ ಅಡತಿಯ ಗಾದಿಯ ಮೇಲೆ ಎಲ್ಲರನ್ನೂ ಕೂಡಿಸಿ, ಎಲ್ಲರಿಗೂ ಕೇಳುವಂತೆ ಅಂದರು:

"ಏನ್ರಿ ಮಾಸ್ತರ, ಖೋಲಿ ಬಸರಾಗಿತ್ತೇನು? ಮೂರು ಹೋಗಿ ಐದಾಗ್ಯಾವಂತಲ್ಲ!"

ಜನ ನಕ್ಕರು. ಪಾತ್ರೆ ಅಂಗಡಿಯವರು ನಗದೆ, ಮೆಲ್ಲಗೆ, "ಇಬ್ಬರೂ ಕೂಡಿ ಐದು ಮಾಡ್ಯಾರೋ ಏನೋ" ಅಂದರು. ಕಳ್ಳ ಎಂಬ ಮಾತನ್ನು ಅಷ್ಟು ಮೃದುವಾಗಿ ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ ಗುತ್ತೇದಾರ ಎದ್ದು ನಿಂತ.

"ಮಾಸ್ತರ್ರು ಒಂದು ಪೈ ತಿಂದವರಲ್ರಿ. ಅವರು ಕಳ್ಳರಲ್ಲ. ಅವರಿಗಿ ತಿಳಿಯಾಂಗಿಲ್ಲ, ಅಷ್ಟ. ಗಿಡ್ಡ ಅಂದ್ರ ಏನು, ಸಣ್ಣ ಅಂದ್ರ ಏನು, ಯಾವುದೂ ತಿಳಿಯಾಂಗಿಲ್ಲ. ನಡೀತದ ಅಂತಾರ."

ಹೀಗೆ ನನ್ನ ಮಾನ ಉಳಿಯಿತು. ಉಳಿಸಿದ ರೀತಿಗೆ ಆತನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಆತ ಸಾವ್ಕಾರರ ಕಡೆ ತಿರುಗಿದ. "ಗಿಡ್ಡ ಜಂತಿ ನಿಮ್ಮವ್ರಿ."

ಸಾವ್ಕಾರರ ಮುಖ ಕೆಂಪಾಯಿತು. "ನಮ್ಮ ಹಿರ್ಯಾರ ಮನಿ ಜಂತಿಗಿ ಗಿಡ್ಡ ಅಂತೀಯೇನಲೇ? ಯಾರ ಮುಂದ ಏನು ಮಾತಾಡಾಕತ್ತೀ?" ಎಂದು ಗುಡುಗಿ, ನನಗೆ ತೀರ್ಪು ಹೇಳಿದರು. "ನೋಡ್ರಿ ಮಾಸ್ತರ, ಇದು ಮೂರು ಖಣದ ಖೋಲಿ. ಮೂರಕ್ಕ ಕೊಟ್ಟೀವಿ, ಮುಗೀತು. ಯಾರು ಕೇಳಿದ್ರೂ ನೀವು ಮೂರು ಅನ್ರಿ. ನಾವೆಲ್ಲಾರೂ ಮೂರು ಅಂತೀವಿ. ಇಷ್ಟು ಮಂದಿ ಮೂರು ಅಂದ್ರ ಅವನೊಬ್ಬ ಐದು ಹ್ಯಾಂಗಂತಾನ?"

ಆತ ಅಂದ. ಎಂಟು ದಿನ ಅಂದ. ದಿನಾ ಮುಂಜಾನೆ ಬಂದು ಖೋಲಿಯ ಹೊಸ್ತಿಲ ಮೇಲೆ ಕೂಡುತ್ತಿದ್ದ. ಜಗಳವಿಲ್ಲ, ಬೈಗುಳವಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ಶೇಂಗಾ ಹಿಂಡಿ ತಿನ್ನುವಾಗ ನನಗೂ ಒಂದು ರೊಟ್ಟಿ ಕೊಡುತ್ತಿದ್ದ. ಬಾಗಿಲು ಮಾತ್ರ ಹಚ್ಚಲಿಲ್ಲ.

"ಸಾಹೇಬ್ರು ಬರೂ ದಿನ ಬಂತ್ರಿ ಯಜಮಾನ್ರ. ಬಾಗಲಾ ಇಲ್ಲಂದ್ರ ಸಾಲಿ ಬಂದ್ ಮಾಡ್ತಾರ."

"ಹಚ್ಚತೀನ್ರಿ. ಎಷ್ಟು ಖಣ ಅನ್ರಿ ಮೊದಲ."

"ಮೂರು."

"ಕೂಡ್ತೀನ್ರಿ ಹಂಗಾದ್ರ."

ಹೀಗೆ ನಾನು ಮೂರು ಎನ್ನುವುದು, ಆತ ಕೂಡುವುದು. ತಲೆಯೆತ್ತಿದರೆ ಐದು ಖಣ ನನ್ನನ್ನೇ ನೋಡುತ್ತಿದ್ದವು. ನಾನು ತಲೆಯೆತ್ತುವುದನ್ನು ಬಿಟ್ಟೆ. ಐದು ಅಂದೆನೆಂದರೆ ಸಾವ್ಕಾರರು ಕೈಬಿಡುತ್ತಾರೆ, ನೂರಾ ಇಪ್ಪತ್ತೂ ನನ್ನ ಕೊರಳಿಗೆ ಬೀಳುತ್ತದೆ. ನನ್ನ ಸಂಬಳವೆಂದರೆ ಮಕ್ಕಳು ತರುವ ಜೋಳ ಮತ್ತು ಚಿಲ್ಲರೆ. ಮೂರು ಎನ್ನುತ್ತಿದ್ದರೆ ಬಾಗಿಲಿಲ್ಲ, ಸಾಲಿಯಿಲ್ಲ. ಒಬ್ಬ ಬಡಿಗನನ್ನು ತಂದು ನಾನೇ ಬಾಗಿಲು ಹಚ್ಚಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕರೆದಿದ್ದೆ. ಬಂದ ಬಡಿಗ ಹೊಸ್ತಿಲ ಮೇಲೆ ಕೂತವನನ್ನು ನೋಡಿ, "ಅಂವ ಎದ್ದ ಮ್ಯಾಲ ಕರೀರಿ" ಎಂದು ಹೊರಟುಹೋದ.

ಒಂಬತ್ತನೆಯ ದಿನ ಸಾಹೇಬರು ಬಂದೇಬಿಟ್ಟರು. ಹೇಳಿದ್ದಕ್ಕಿಂತ ಮುಂಚೆ ಬಂದದ್ದು ನಿಜಾಮ ಸರಕಾರದ ಇತಿಹಾಸದಲ್ಲಿ ಅದೊಂದೇ ಸಲವಿರಬೇಕು. ಸಾವ್ಕಾರರು ರೇಶಿಮೆ ರುಮಾಲು ಸುತ್ತಿಕೊಂಡು, ಹೂಮಾಲೆ ಹಿಡಿದು, ಪೇಟೆಯ ಮಂದಿಯೊಂದಿಗೆ ಓಡಿ ಬಂದರು. ಮಕ್ಕಳು ಬೇವಿನ ನೆರಳಲ್ಲಿ ಸಾಲಾಗಿ ನಿಂತರು. ಗುತ್ತೇದಾರ ಹೊಸ್ತಿಲು ಬಿಟ್ಟೆದ್ದು, ಒರಗಿಸಿದ್ದ ಪಡಕುಗಳ ಪಕ್ಕದಲ್ಲಿ ಕೈಕಟ್ಟಿ ನಿಂತ.

ದೇವರ ದಯೆ, ಸಾಹೇಬರ ಬಲಗಾಲು ಬಾತಿತ್ತು. ಟಾಂಗಾದಿಂದ ಇಳಿಯಲಿಲ್ಲ. ಅಲ್ಲಿಂದಲೇ ಗೋಡೆ ನೋಡಿದರು, ಮಾಳಿಗೆ ನೋಡಿದರು, ಒರಗಿ ನಿಂತ ಬಾಗಿಲನ್ನೂ ನೋಡಿದರು. ಬಾಗಿಲೇಕೆ ಹೀಗೆ ಎಂದು ಕೇಳಿದರು. "ಇವತ್ತ ಹಚ್ಚತೀವ್ರಿ ಸಾಹೇಬ್ರ" ಎಂದೆ. ಹೂಂ ಎಂದರು. ಪಕ್ಕದಲ್ಲಿ ಕೂತಿದ್ದ ಗುಮಾಸ್ತ ತೊಡೆಯ ಮೇಲೆ ಕಾಗದ ಹಾಸಿದ.

"ಕಿತ್ನೇ ಖಣ್ ಹೈ, ಮಾಸ್ಟರ್?" ಎಂದರು ಸಾಹೇಬರು.

ನಾನು ಬಾಯಿ ತೆರೆದೆ. ಸಾವ್ಕಾರರು ಹಿಂದಿನಿಂದ ಕೆಮ್ಮಿದರು. ಮೂರು ಎಂಬುದು ಎಂಟು ದಿನದ ರೂಢಿಯಿಂದ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅಷ್ಟರಲ್ಲಿ ಗುಮಾಸ್ತ, ನನಗೆ ಉರ್ದು ತಿಳಿಯಲಿಲ್ಲವೆಂದು ತಿಳಿದು, ಕನ್ನಡದಲ್ಲಿ ಬಿಡಿಸಿ ಹೇಳಿದ: "ಖಣ ಎಷ್ಟು ಹೇಳ್ರಿ. ಖಣಕ್ಕ ಹತ್ತು ಮಕ್ಕಳು ಅಂತ ಸಾಹೇಬ್ರ ಹುಕುಂ. ಹೆಚ್ಚಾದವರ ಹೆಸರು ಪಟ್ಟಿಯಿಂದ ಹೊಡದು ಕೊಡಬೇಕು."

ಮೂರು ಖಣಕ್ಕೆ ಮೂವತ್ತು. ನನ್ನ ಪಟ್ಟಿಯಲ್ಲಿ ನಲವತ್ತೆರಡು. ಕೊನೆಯ ಹನ್ನೆರಡು ಹೆಸರು ಯಾರವೆಂದು ಕಾಗದ ನೋಡದೆ ಹೇಳಬಲ್ಲೆ. ಆ ವರ್ಷವೇ ಬಂದವರು, ಹೊಲಗೂಲಿಯವರ ಮಕ್ಕಳು. ಒಬ್ಬೊಬ್ಬರ ಗುಡಿಸಲ ಮುಂದೆಯೂ ನಾಲ್ಕಾರು ಸಲ ನಿಂತು, "ಕಳಸ್ರಿ, ನಾ ಅದೀನಿ" ಎಂದು ಕರೆತಂದವರು. ಬೇವಿನ ನೆರಳಲ್ಲೂ ಅವರು ಸಾಲಿನ ತುದಿಗೇ, ಅರ್ಧ ಬಿಸಿಲಲ್ಲಿ ನಿಂತಿದ್ದರು.

"ಐದು" ಎಂದೆ.

"ಪಾಂಚ್?"

"ಐದ್ ಖಣ್ರಿ ಸಾಹೇಬ್ರ. ಎಣಸಬಹುದು."

ಸಾಹೇಬರು ಬಾತ ಕಾಲನ್ನು ನೋಡಿಕೊಂಡರು. ಎಣಿಸಲಿಲ್ಲ. ಗುಮಾಸ್ತ ಐವತ್ತು ಎಂದು ಬರೆದ, ಮೊಹರು ಒತ್ತಿದ, ಟಾಂಗಾ ತಿರುಗಿತು.

ಧೂಳು ಇಳಿಯುವ ಮುಂಚೆಯೇ ಸಾವ್ಕಾರರು ನನ್ನ ಮುಂದೆ ಬಂದು ನಿಂತರು. "ಎಷ್ಟಂದ್ರಿ ಮಾಸ್ತರ?"

"ಐದು."

"ಐದಂದ ಬಾಯೀನ ಐದಕ್ಕ ಕೊಡಲಿ" ಎಂದು, ಸಾಹೇಬರಿಗೆ ಹಾಕಲಾಗದೆ ಉಳಿದ ಹೂಮಾಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟುಹೋದರು. ಪೇಟೆಯ ಮಂದಿ ಅವರ ಹಿಂದೆ. ಆ ನೂರಾ ಇಪ್ಪತ್ತನ್ನು ನಾನು ತೀರಿಸಲಿಕ್ಕೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಯಾರ ಪೈಯೂ ಕೂಡಲಿಲ್ಲ. ಗುತ್ತೇದಾರ ಒಂದು ದಿನ ಕೇಳಲೂ ಬರಲಿಲ್ಲ. ಕೇಳಲು ಬಂದಿದ್ದರೆ ಜಗಳವಾದರೂ ಆಡಬಹುದಿತ್ತು.

ನಾನು ತಿರುಗಿ ನೋಡುವಷ್ಟರಲ್ಲಿ ಆತ ಪಡಕನ್ನು ಎತ್ತಿ ಚೌಕಟ್ಟಿಗೆ ಹಚ್ಚಿದ್ದ.

"ಒಂದೀಟು ಹಿಡೀರಿ ಮಾಸ್ತರ್ರ."

ಹಿಡಿದೆ. "ರೊಕ್ಕ ಬರಲಾರದ ಬಾಗಲಾ ಹಚ್ಚಾಕತ್ತೀರಿ?" ಎಂದೆ. ಪಡಕನ್ನು ಎರಡೂ ಕೈಯಿಂದ ಬಿಗಿ ಹಿಡಿದಿದ್ದೆ. ಸಿಟ್ಟಿಗೋ ಭಾರಕ್ಕೋ ಹೇಳಲಾರೆ.

"ಐದು ಅಂದ್ರಲ್ರಿ" ಎಂದ ಆತ, ಬಾಯಲ್ಲಿ ಮೊಳೆ ಕಚ್ಚಿಕೊಂಡು. "ನಾ ಕೇಳಿದ್ದು ಅದನ್ನ."

ಬಾಗಿಲು ಕೂತಿತು. ಒಮ್ಮೆ ಹಾಕಿ ತೆಗೆದು ನೋಡಿದ, ಕಿರ್ ಎನ್ನಲಿಲ್ಲ. ಮಕ್ಕಳನ್ನು ಒಳಗೆ ಕರೆದೆ. ಓಡಿ ಬಂದರು, ನೆಲಕ್ಕೆ ಕೂತರು. ಮೊಣಕಾಲಿಗೆ ಮೊಣಕಾಲು ತಾಕಿಸಿ ಎಷ್ಟು ಒತ್ತಿ ಕೂಡಿಸಿದರೂ ಮೂವತ್ತಕ್ಕೆ ಖೋಲಿ ತುಂಬಿಹೋಯಿತು. ಉಳಿದ ಹನ್ನೆರಡು ಮಂದಿ ತೊಲೆ ಹೊತ್ತ ಕಂಬಗಳಿಗೆ ಒರಗಿ ನಿಂತುಕೊಂಡರು. ನಾನು ಗುತ್ತೇದಾರನ ಮುಖ ನೋಡಿದೆ.

"ಖಣ ಐದೂ ಅದಾವ್ರಿ" ಎಂದ ಆತ, ಗುಂಡನ್ನು ರುಮಾಲಿಗೆ ಸಿಗಿಸುತ್ತ. "ಜಾಗಾ ನೀವು ಕೇಳಿದ್ದಿಲ್ಲ."